ತಲೆಯ ಕಡೆ ನಿಂತವಳು

"ಸರ್, ಬಿಪಿ ಸ್ವಲ್ಪ ಇಳೀತಾ ಇದೆ," ಎಂದಳು ಅವಳು. ಇಳಿದಿರಲಿಲ್ಲ. ಪಕ್ಕದ ಪರದೆಯ ಮೇಲೆ ಹಸಿರು ಗೆರೆ ಎಂದಿನ ಹಾಗೆ ಏರಿ ಇಳಿದು ಓಡುತ್ತಿತ್ತು. ಮೇಜಿನ ಮೇಲೆ ಮತ್ತಿನಲ್ಲಿ ಮಲಗಿದ್ದ ಲಾರಿ ಡ್ರೈವರನ ಗುಂಡಿಗೆಗೆ ಯಾವ ಕೇಡೂ ಬಂದಿರಲಿಲ್ಲ. ನಿಂತುಹೋಗಿದ್ದದ್ದು ಬೇರೆ. ಮರೆಗೆ ಕಟ್ಟಿದ್ದ ಹಸಿರು ಬಟ್ಟೆಯ ಆಚೆ, ದೊಡ್ಡ ದೀಪದ ಕೆಳಗೆ, ತೆರೆದ ಹೊಟ್ಟೆಯ ಮೇಲೆ ಗಂಡನ ಕೈ ನಿಂತಿತ್ತು. ನಡುಗುತ್ತಿರಲಿಲ್ಲ. ನಡುಗಿದ್ದರೆ ಎಷ್ಟು ಸುಲಭವಾಗುತ್ತಿತ್ತು ಎಂದು ಅವಳು ಎಷ್ಟೋ ಸಲ ಅಂದುಕೊಂಡಿದ್ದಾಳೆ. ಏನೋ ತರಲೆಂದು ಒಳಕೋಣೆಗೆ ಹೋದವರು ಹೊಸ್ತಿಲು ದಾಟಿದ ಮೇಲೆ ಏನು ತರಬೇಕಿತ್ತೆಂದು ಮರೆತು ಗೋಡೆ ನೋಡುತ್ತಾ ನಿಲ್ಲುತ್ತಾರಲ್ಲ, ಹಾಗೆ ಆ ಕೈ ನಿಂತಿತ್ತು, ಹಿಡಿದ ಕತ್ತರಿಯ ಸಮೇತ, ಕಲ್ಲಿನಲ್ಲಿ ಕಡೆದ ಹಾಗೆ. ಅವಳ ಮಾತು ಕಿವಿಗೆ ಬಿದ್ದದ್ದೇ ಅವನು ತಲೆಯೆತ್ತಿದ. ಬಿಪಿ ಎಂಬ ಶಬ್ದಕ್ಕೆ ಹಳೆಯ ಸರ್ಜನ್ ನಿದ್ದೆಯಲ್ಲೂ ಏಳುತ್ತಾನೆ. "ಹಾಗಾದ್ರೆ ಬೇಗ ಮುಗಿಸೋಣ," ಎಂದು ಎದುರಿಗೆ ನಿಂತಿದ್ದ ಶಿಷ್ಯೆಯ ಕಡೆ ತಿರುಗಿ, "ನೀನು ಮುಂದುವರಿಸಮ್ಮ, ನಾನು ಹಿಡ್ಕೋತೀನಿ," ಎಂದ. ಕತ್ತರಿ ಒಂದು ಕೈಯಿಂದ ಇನ್ನೊಂದು ಕೈಗೆ ಹೋಯಿತು. ಅವಳು ಉಸಿರು ಬಿಟ್ಟಳು. ಬಿಡುವಾಗಲೇ, ಶಿಷ್ಯೆ ಒಂದು ಕ್ಷಣ ಕತ್ತು ಹೊರಳಿಸಿ ಪರದೆಯ ಮೇಲಿನ ಅಂಕಿ ನೋಡಿದ್ದನ್ನೂ, ಆಮೇಲೆ ತನ್ನನ್ನು ನೋಡಿದ್ದನ್ನೂ ಕಂಡಳು. ಬಾಯಿ ಮೂಗು ಮುಚ್ಚಿದ ಮುಖದಲ್ಲಿ ಬರೀ ಕಣ್ಣು. ಆ ಕಣ್ಣಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು. ಅದೇ ಸಹಿಸುವುದು ಕಷ್ಟವಾಯಿತು. ಅವಳು ಬೇಕಿಲ್ಲದಿದ್ದರೂ ಒಂದು ಗುಂಡಿ ತಿರುಗಿಸಿ, ಬೇಕಿಲ್ಲದಿದ್ದರೂ ಡ್ರೈವರನ ಕಣ್ಣರೆಪ್ಪೆ ಎತ್ತಿ ನೋಡಿ, ಕೆಲಸವಿದ್ದವಳ ಹಾಗೆ ನಿಂತಳು.

ಊರವರು ಅವನನ್ನು ಕೈಗುಣದ ಡಾಕ್ಟರು ಎನ್ನುತ್ತಿದ್ದರು. ಅವನು ಮುಟ್ಟಿದರೆ ಸಾಕು, ಅರ್ಧ ಕಾಯಿಲೆ ಬಾಗಿಲಲ್ಲೇ ಚಪ್ಪಲಿ ಹುಡುಕುತ್ತದೆ ಎಂದು ತಮಾಷೆ ಮಾಡುತ್ತಿದ್ದರು. ಅವಳೂ ಮನಸೋತದ್ದು ಆ ಕೈಗೇ. ಓದುವ ಕಾಲದಲ್ಲಿ ಮಾತಾಡುತ್ತಾ ಮಾತಾಡುತ್ತಾ ಅವನು ಅವಳ ಕೈಚೀಲದ ಹಿಡಿಗೆ ದಾರ ಸುತ್ತಿ ಗಂಟು ಹಾಕುತ್ತಿದ್ದ, ಒಂದೇ ಕೈಯಲ್ಲಿ, ನೋಡದೆ. ಅವಳು ಮನೆಗೆ ಹೋಗಿ ಆ ಗಂಟುಗಳನ್ನು ಬಿಚ್ಚಲಾರದೆ, ಬಿಚ್ಚಲು ಮನಸ್ಸೂ ಬಾರದೆ, ಚೀಲವನ್ನು ಹಾಗೆಯೇ ಇಟ್ಟುಕೊಂಡಿದ್ದಳು. ಮದುವೆಯಾದ ಮೇಲೆ ಅವನು ಕೊಯ್ಯುವ ಕಡೆ ನಿಂತ, ಅವಳು ತಲೆಯ ಕಡೆ ನಿಂತಳು. ಅವಳದು ಮತ್ತಿನ ಮದ್ದು ಕೊಡುವುದು, ಮಲಗಿದವರ ಉಸಿರು ಕಾಯುವುದು, ಕೊನೆಗೆ ಹೆಸರು ಹಿಡಿದು ಕರೆದು ಎಬ್ಬಿಸುವುದು. ನರ್ಸುಗಳು ಬೆನ್ನ ಹಿಂದೆ ಜೋಗುಳ ಮೇಡಂ ಎನ್ನುತ್ತಿದ್ದರು. ಅವಳಿಗೆ ಗೊತ್ತಿತ್ತು, ಒಳಗೊಳಗೇ ಇಷ್ಟವೂ ಆಗಿತ್ತು. ಸಣ್ಣ ಆಸ್ಪತ್ರೆ, ಇಬ್ಬರೂ ಸೇರಿ ಕಟ್ಟಿದ್ದು, ಕೆಳಗೆ ರೋಗಿಗಳು, ಮೇಲೆ ಸಂಸಾರ. ಸರ್ಕಾರದ ಕೆಲಸದಲ್ಲಿದ್ದ ಅವರ ಓರಗೆಯವರೆಲ್ಲ ಒಂದು ದಿನ ಹಾರ ಹಾಕಿಸಿಕೊಂಡು, ಭಾಷಣ ಕೇಳಿಸಿಕೊಂಡು ಮನೆಗೆ ಹೋದರು. ಇವರಿಗೆ ಹೋಗಿ ಎನ್ನುವವರು ಯಾರೂ ಇರಲಿಲ್ಲ. ಅದನ್ನೇ ಒಂದು ಭಾಗ್ಯ ಅಂದುಕೊಂಡಿದ್ದರು. "ಕೈ ನಡುಗಿದ ದಿನ ನಾನೇ ಕತ್ತರಿ ಕೆಳಗಿಡ್ತೀನಿ, ಯಾರೂ ಹೇಳಬೇಕಾಗಿಲ್ಲ," ಎಂದು ಅವನು ಮಗಳ ಎದುರು, ನೆಂಟರ ಎದುರು, ಶಿಷ್ಯರ ಎದುರು ಹೇಳುತ್ತಿದ್ದ. ಎಲ್ಲರೂ ಆ ಕೈಯನ್ನೇ ನೋಡುತ್ತಾ ಕೂತರು. ಕೈ ನಡುಗಲಿಲ್ಲ. ಕೈಯ ಹಿಂದಿನದು ಯಾವುದೋ ಸವೆಯತೊಡಗಿತ್ತು, ಅದನ್ನು ತಲೆಯ ಕಡೆ ನಿಂತವಳೊಬ್ಬಳೇ ಕಂಡಳು.

ಮೊದಲು ಕಂಡದ್ದು ದಾರದಲ್ಲಿ. ಪಿತ್ತಕೋಶದ ಬುಡಕ್ಕೆ ಗಂಟು ಹಾಕಿ ಮುಗಿಸಿದವನು ಮತ್ತೆ ಕೈ ಚಾಚಿ "ದಾರ" ಎಂದಿದ್ದ. ಸಿಸ್ಟರ್ ಕೊಟ್ಟಳು. ಕಟ್ಟಿದ ಗಂಟಿನ ಮೇಲೇ ಇನ್ನೊಂದು ಗಂಟು. ಎರಡು ಸಲ ಕಟ್ಟಿದರೆ ಯಾರ ಗಂಟು ಹೋಯಿತು ಎಂದು ಅವಳು ಮನಸ್ಸಿನಲ್ಲೇ ನಗಾಡಿ ತಳ್ಳಿಹಾಕಿದ್ದಳು. ಆಮೇಲೆ ಆ ಮುದುಕಿ ಬಂದಳು, ಬಾಯಿ ತುಂಬ ಮಾತು, ಮೇಜಿನ ಮೇಲೆ ಮಲಗಿಸಿದರೂ ನಿಲ್ಲದ ಮಾತು. ಮುದುಕಿಯ ಹೊಟ್ಟೆಯೊಳಗೆ ಒಂದು ಸಲವೂ ಕಟ್ಟದೆ ಬಿಟ್ಟ ಜಾಗವೊಂದಿತ್ತು. ಸಂಜೆಯ ಹೊತ್ತಿಗೆ ಮುದುಕಿಯ ತುಟಿ ಬಿಳಿಚಿಕೊಂಡು, ಹೊಟ್ಟೆ ಬಿಗಿದುಕೊಂಡು, ಮತ್ತೆ ಮೇಜಿಗೆ ಹತ್ತಿಸಿದರು. ಬದುಕಿದಳು. ಹೋಗುವಾಗ ಅವನ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಅವಳ ಮಗನಿಗೆ ಗಂಡ, "ನಿಮ್ಮ ತಾಯಿಯ ರಕ್ತ ತೆಳು, ಬೇಗ ಹೆಪ್ಪುಗಟ್ಟಲ್ಲ," ಎಂದು ಹೇಳಿದ್ದ. ಮಗ ಪಕ್ಕದಲ್ಲಿದ್ದ ಮೇಡಂ ಕಡೆ ತಿರುಗಿ ನೋಡಿದಾಗ ಅವಳು ಹೌದೆಂದು ತಲೆಯಾಡಿಸಿದ್ದಳು. ಆ ತಲೆಯಾಡಿಸಿದ್ದು ಈಗಲೂ ಕತ್ತಿನಲ್ಲಿ ಹಿಡಿದುಕೊಂಡಿದೆ. ಎಷ್ಟೋ ಸಲ ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳುವಾಗ ತಲೆ ತಾನಾಗಿ ಆ ಕೋನಕ್ಕೆ ಬಾಗಿದಂತಾಗಿ ಬಾಚಣಿಗೆ ಇಟ್ಟುಬಿಡುತ್ತಾಳೆ. ಗಂಡ ಬೇಕೆಂದು ಸುಳ್ಳು ಹೇಳಿದನೋ, ಅವನಿಗೆ ನಿಜವಾಗಿಯೂ ರಕ್ತವೇ ತೆಳುವಾಗಿ ಕಂಡಿತೋ, ಅವಳು ಕೇಳಲಿಲ್ಲ. ಕೇಳದೆ, ತನ್ನದೇ ಒಂದು ಉಪಾಯ ಕಂಡುಕೊಂಡಳು. ಕೈ ನಿಂತಾಗಲೆಲ್ಲ ಬಿಪಿ ಇಳಿಯುತ್ತಿದೆ ಎನ್ನುವುದು. ಮೊದಮೊದಲು ನಾಲಿಗೆ ಒಣಗುತ್ತಿತ್ತು. ಆಮೇಲೆ ಸಲೀಸಾಯಿತು. ಇನ್ನೂ ನಾಚಿಕೆಯ ಮಾತೆಂದರೆ ಅದರಲ್ಲಿ ಒಂದು ಸುಖವಿತ್ತು. ಇಷ್ಟು ಕಾಲ ಆ ಕೋಣೆಯಲ್ಲಿ ಅವನು ನಿಂತರೆ ಎಲ್ಲರೂ ನಿಲ್ಲುತ್ತಿದ್ದರು, ಅವನು ಕೂತರೆ ಎಲ್ಲರೂ ಕೂರುತ್ತಿದ್ದರು; ಅವಳೂ ಮನೆಯಲ್ಲಿ "ರೀ" ಎನ್ನುವವಳು ಅಲ್ಲಿ "ಸರ್" ಎನ್ನುತ್ತಿದ್ದಳು. ಈಗ ಅವಳ ಒಂದು ಮಾತಿಗೆ ಆ ಕೈ ಹಿಂದೆ ಸರಿಯುತ್ತಿತ್ತು. ಆ ಸುಖದ ರುಚಿ ನಾಲಿಗೆಗೆ ಹತ್ತಿದ್ದರಿಂದಲೇ ಇಷ್ಟು ದಿನ ಬಾಯಿ ಬಿಡಲಿಲ್ಲವೇನೋ ಎಂದು ಅನುಮಾನ ಬಂದಾಗ ಅವಳಿಗೆ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು.

ಡ್ರೈವರನ್ನು ವಾರ್ಡಿಗೆ ಕಳಿಸಿ ಅವಳು ಟೀ ಕುಡಿಯುವ ಕಿರುಕೋಣೆಯಲ್ಲಿ ಕೂತಿದ್ದಾಗ ಶಿಷ್ಯೆ ಬಂದು ಬಾಗಿಲು ಮುಂದಕ್ಕೆ ಮಾಡಿದಳು. ನಲವತ್ತರ ಆಸುಪಾಸಿನ ಹೆಂಗಸು, ಇಬ್ಬರು ಮಕ್ಕಳ ತಾಯಿ, ಆದರೂ ಇವರೆದುರು ಕೂರುವಾಗ ಕುರ್ಚಿಯ ತುದಿಯಲ್ಲೇ ಕೂರುತ್ತಿದ್ದಳು.

"ಮೇಡಂ, ಬಿಪಿ ಚೆನ್ನಾಗೇ ಇತ್ತು."

ಅವಳು ಲೋಟದ ಅಂಚು ಒರೆಸಿದಳು. "ಹೂಂ."

"ಹೋದ ಸಲವೂ ಚೆನ್ನಾಗಿತ್ತು."

"ಗೊತ್ತಿದ್ದೂ ಸುಮ್ಮನಿದ್ಯಲ್ಲಮ್ಮ ನೀನು."

"ನಾನೇನು ಹೇಳಲಿ ಮೇಡಂ? ಗಂಟು ಹಾಕೋದು ಕಲಿಸಿದ್ದೇ ಅವರು. ನಾನು ಬಾಯಿ ತೆಗೆದ್ರೆ, ಗುರು ಇರೋವಾಗಲೇ ಕುರ್ಚಿಗೆ ಟವಲ್ ಹಾಕಿದಳು ಅಂತಾರೆ. ನೀವೇ ಹೇಳ್ಬೇಕು." ಶಿಷ್ಯೆಯ ಸ್ವರ ಒಡೆಯಿತು. "ನಾಳೆ ಥೈರಾಯ್ಡ್ ಇದೆ. ಆ ಟೀಚರ್‌ದು. ಕುತ್ತಿಗೆ ಮೇಡಂ. ಧ್ವನಿಯ ನರ ದಾರದ ಎಳೆಯಷ್ಟು ಇರುತ್ತೆ. ಅಲ್ಲಿ ಸರ್ ಕೈ ನಿಂತ್ರೆ ಪರವಾಗಿಲ್ಲ. ಮರೆತ ಮೇಲೂ ನಿಲ್ಲದೆ ಹೋದ್ರೆ?"

ಬೆಕ್ಕಿಗೆ ಗಂಟೆ ಕಟ್ಟುವ ಕೆಲಸ ಕೊನೆಗೂ ಬೆಕ್ಕಿನ ಹೆಂಡತಿಗೇ ಬಂತು ಎಂದು ಅವಳಿಗೆ ನಗು ಬಂತು. ನಕ್ಕರೆ ಅಳುವಾಗಿಬಿಡುತ್ತದೆಂದು ಟೀ ಕುಡಿದಳು. ತಣ್ಣಗಾಗಿತ್ತು. "ಇವತ್ತು ಮಾತಾಡ್ತೀನಿ," ಎಂದಳು. ಎದ್ದು ಹೊರಗೆ ಬಂದಾಗ ಕಾರಿಡಾರಿನಲ್ಲಿ ಡ್ರೈವರನ ಹೆಂಡತಿ ಗಂಡನ ಕೈ ಹಿಡಿದುಕೊಂಡು ನಿಂತಿದ್ದಳು. ತನ್ನ ಗಂಡ ಡ್ರೈವರನದಲ್ಲ, ಇವಳ ಗಂಡ ಡಾಕ್ಟರದು. ಎರಡೂ ಅಂಗೈಯಲ್ಲಿ ಆ ಕೈಯನ್ನು ಮುಚ್ಚಿಕೊಂಡು ಏನೋ ಹೇಳುತ್ತಿದ್ದಳು, ಅವನು "ಆಯ್ತು ಆಯ್ತಮ್ಮ, ಹೋಗಿ ಊಟ ಮಾಡು," ಎನ್ನುತ್ತಿದ್ದ, ಮುಖದ ತುಂಬ ಬೆಳಕು. ಆ ಬೆಳಕನ್ನು ತಾನು ಆರಿಸಬೇಕು. ಹೇಗೆ ಆರಿಸುವುದು? ಊದಿಯೋ, ಚಿವುಟಿಯೋ?

ಸಂಜೆ ಊಟಕ್ಕೆ ಬೇಗ ಕೂತರು. ಕಿಟಕಿಯಾಚೆ ಬೀದಿಯಲ್ಲಿ ಯಾರೋ ಅಂಗಡಿಯ ಬಾಗಿಲು ಎಳೆಯುವ ಸದ್ದು. ಅವನು ತಟ್ಟೆಯಲ್ಲಿ ಎಂದಿನಂತೆ ಎಲ್ಲವನ್ನೂ ಒಂದಕ್ಕೊಂದು ತಾಗದ ಹಾಗೆ ಬೇರೆ ಬೇರೆ ಮಾಡಿಕೊಂಡು ತಿನ್ನುತ್ತಿದ್ದ. ಅವಳು ಮಧ್ಯಾಹ್ನದಿಂದ ಕಟ್ಟಿಕೊಂಡು ಬಂದಿದ್ದ ಮಾತುಗಳೆಲ್ಲ ಬಾಯಿಗೆ ಬರುವ ಹೊತ್ತಿಗೆ ನೀರಾದವು. ಮಗಳು ಫೋನಿನಲ್ಲಿ ಅಂದದ್ದನ್ನೇ ನೆಪ ಮಾಡಿಕೊಂಡಳು. "ಅಪ್ಪ ಅಮ್ಮ ಇಬ್ಬರೂ ಯಾವಾಗ ಸುಮ್ಮನೆ ಕೂರ್ತೀರಿ ಅಂತ ಕೇಳ್ತಿದ್ಲು. ನನಗೂ ಅನಿಸ್ತಿದೆ ರೀ. ಸಾಕು ಅಂತ ಯಾವಾಗ ಅನ್ನೋಣ?"

ಅವನು ಚಮಚ ಕೆಳಗಿಟ್ಟ. ಸಿಟ್ಟಾಗುತ್ತಾನೆಂದು ಅವಳು ಬೆನ್ನು ಗಟ್ಟಿ ಮಾಡಿಕೊಂಡಳು. ಅವನು ಸಿಟ್ಟಾಗಲಿಲ್ಲ. ಮೇಜಿನ ಮೇಲಿಂದ ಕೈ ಚಾಚಿ ಅವಳ ಮಣಿಕಟ್ಟು ಹಿಡಿದ, ನಾಡಿ ನೋಡುವವನ ಹಾಗೆ.

"ನೀನೇ ಎತ್ತಿದ್ಯಲ್ಲ, ಒಳ್ಳೇದಾಯ್ತು. ನಾನು ಹೇಗೆ ಹೇಳೋದು ಅಂತ ಎಷ್ಟು ದಿನದಿಂದ ನುಂಗ್ತಾ ಇದ್ದೆ ಗೊತ್ತಾ?"

"ಏನನ್ನ?"

"ನೀನು ಸುಸ್ತಾಗಿದೀಯ. ಮೊನ್ನೆ ಆ ಕರುಳಿನ ಕೇಸಲ್ಲಿ ನೀನು ಕೂತಲ್ಲೇ ತೂಕಡಿಸಿದೆ. ಪೇಷಂಟಿನ ಬಾಯಿಯ ಕೊಳವೆ ಕಳಚಿಕೊಂಡಿತ್ತು. ಸಿಸ್ಟರ್ ನೋಡಿ ಸಿಕ್ಕಿಸಿದ್ಲು. ನಾನು ಕಣ್ಣಲ್ಲೇ ಅವಳಿಗೆ ಸುಮ್ಮನಿರು ಅಂದೆ. ಅವತ್ತಿಂದ ಅವಳನ್ನ ನಿನ್ನ ಪಕ್ಕದಲ್ಲೇ ನಿಲ್ಲಿಸ್ತೀನಿ, ನೀನು ಗಮನಿಸಿಲ್ಲ." ಅವನ ದನಿ ಮೆತ್ತಗಿತ್ತು, ಇಷ್ಟು ಮೆತ್ತಗೆ ಅವನು ಮಾತಾಡಿ ಎಷ್ಟು ವರ್ಷವಾಗಿತ್ತೋ. "ನಾನು ಯಾವತ್ತೋ ನಿಲ್ಲಿಸಿಬಿಡ್ತಿದ್ದೆ ಕಣೇ. ನಾನು ನಿಂತ್ರೆ ನಿನ್ನ ಯಾರು ಇಟ್ಕೋತಾರೆ ಅಂತಲೇ ಇಷ್ಟು ದಿನ ಎಳೆದೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವರ ಹಾಗೆ ಅವಳು ತನ್ನ ಕೈ ನೋಡಿಕೊಂಡಳು. ಸುಳ್ಳು ಎನ್ನಬೇಕೆಂದು ಬಾಯಿ ತೆರೆದಳು. ಆದರೆ ಆ ಕರುಳಿನ ಕೇಸನ್ನು ನೆನೆಸಿಕೊಳ್ಳಹೋದರೆ ಪೇಷಂಟನ್ನು ಮಲಗಿಸಿದ್ದು ನೆನಪಾಗುತ್ತದೆ, ಎಬ್ಬಿಸಿದ್ದು ನೆನಪಾಗುತ್ತದೆ, ನಡುವೆ ಸಿಸ್ಟರ್ ಅವಳ ಭುಜದ ಪಕ್ಕ ನಿಂತು ಏನೋ ಸರಿಮಾಡುತ್ತಿದ್ದದ್ದೂ ನೆನಪಾಗುತ್ತದೆ. ಏನನ್ನು ಸರಿಮಾಡುತ್ತಿದ್ದಳು? ಬೇರೆಯವರ ಪ್ರಜ್ಞೆ ಕಾಯುತ್ತೇನೆಂದು ಜೀವಮಾನವೆಲ್ಲ ನಿಂತವಳಿಗೆ ತನ್ನದು ಎಲ್ಲಿ ತಪ್ಪಿತೆಂದು ಹೇಳಲು ಬರಲಿಲ್ಲ. ತಾನು ಅವನನ್ನು ಕಾಯುತ್ತಿದ್ದೇನೆ ಎಂದುಕೊಂಡಿದ್ದಳು. ಅವನೂ ತನ್ನನ್ನು ಕಾಯುತ್ತಿದ್ದನಂತೆ. ಕುರುಡರಿಬ್ಬರು ಒಬ್ಬರ ಕೈ ಒಬ್ಬರು ಹಿಡಿದು, ದಾರಿ ತೋರಿಸುತ್ತಿರುವವನು ನಾನೇ ಎಂದು ಇಬ್ಬರೂ ನಂಬಿ ನಡೆದಂತಾಗಿತ್ತು, ನಡುವೆ ಮಲಗಿದವರ ಹೊಟ್ಟೆ ತೆರೆದಿತ್ತು. "ನಿಮಗೂ..." ಎಂದು ಶುರುಮಾಡಿದಳು. ಅವನು ಅವಳ ಮಣಿಕಟ್ಟನ್ನು ಇನ್ನೂ ಹಿಡಿದೇ ಇದ್ದ. ಆ ಹೆಬ್ಬೆರಳು ಅವಳ ನಾಡಿಯ ಮೇಲೆ ನೆಮ್ಮದಿಯಿಂದ ಕೂತಿತ್ತು. ತಟ್ಟೆ ಎತ್ತಿಕೊಂಡು ಎದ್ದಳು. ಹೇಡಿತನಕ್ಕೂ ಪ್ರೀತಿಗೂ ಒಂದೇ ಮುಖ ಎಂದು ಪಾತ್ರೆ ತೊಳೆಯುತ್ತಾ ಅನಿಸಿತು. ನೀರು ಹರಿಯುತ್ತಿತ್ತು, ತೊಳೆದ ತಟ್ಟೆಯನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದಳು.

ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಆಪರೇಷನ್ ಕೋಣೆಗೆ ಇಳಿದಳು. ಹೆಡ್ ಸಿಸ್ಟರ್ ಅಷ್ಟು ಹೊತ್ತಿಗಾಗಲೇ ತಟ್ಟೆಯಲ್ಲಿ ಕತ್ತರಿ ಚಿಮಟಗಳನ್ನು ಜೋಡಿಸುತ್ತಿದ್ದಳು. ಆಸ್ಪತ್ರೆ ತೆರೆದ ದಿನದಿಂದ ಇರುವವಳು. ಅವಳ ತಲೆ ಇಲ್ಲೇ ನೆರೆತಿತ್ತು.

"ಸಿಸ್ಟರ್, ನಿಜ ಹೇಳಿ. ನಾನು ತೂಕಡಿಸಿದ್ನಾ?"

ಸಿಸ್ಟರ್ ಕೈ ನಿಲ್ಲಿಸಲಿಲ್ಲ. "ಒಂದು ಸಲ, ಮೇಡಂ. ಹಿಂದಿನ ರಾತ್ರಿಯೆಲ್ಲ ನೀವು ಹೆರಿಗೆ ಕೇಸಲ್ಲಿ ನಿಂತಿದ್ರಿ. ಯಾರಾದ್ರೂ ತೂಕಡಿಸ್ತಿದ್ರು."

"ಕೊಳವೆ ಕಳಚಿತ್ತಾ?"

"ಕಳಚಿತ್ತು. ಏನೂ ಆಗಲಿಲ್ಲ ಬಿಡಿ."

ಏನೂ ಆಗಲಿಲ್ಲ ಬಿಡಿ. ಮುದುಕಿಯ ಮಗನಿಗೆ ತಾನು ತಲೆಯಾಡಿಸಿದಾಗಲೂ ಇದೇ ಮಾತನ್ನು ಕತ್ತಿನಿಂದ ಹೇಳಿದ್ದಳು. ಅವಳು ಎತ್ತರದ ಸ್ಟೂಲಿನ ಮೇಲೆ, ತನ್ನ ಜಾಗದಲ್ಲಿ, ಕೂತಳು.

"ಮತ್ತೆ ಸರ್?"

ಸಿಸ್ಟರ್ ಇನ್ನೊಂದು ಚಿಮಟ ಒರೆಸಿದಳು. "ಸರ್ ಬಗ್ಗೆ ನನ್ನ ಕೇಳ್ಬೇಡಿ ಮೇಡಂ. ನನ್ನ ಮಗಳ ಜೀವ ಉಳಿಸಿದ ಕೈ ಅದು. ಅವರು ದೇವರ ಸಮ." ಬಟ್ಟೆ ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. "ನನ್ನ ತಮ್ಮನಿಗೆ ಹೋದ ತಿಂಗಳು ಹರ್ನಿಯಾ ಆಪರೇಷನ್ ಆಯ್ತು."

"ನನಗೆ ಹೇಳಲೇ ಇಲ್ಲವಲ್ಲ. ಯಾರು ಮಾಡಿದ್ದು?"

"ಬೇರೆ ಕಡೆ ಕರ್ಕೊಂಡು ಹೋದೆ ಮೇಡಂ," ಎಂದಳು ಸಿಸ್ಟರ್. ಅವಳ ಕಣ್ಣಲ್ಲಿ ನೀರು ತುಂಬಿತ್ತು. "ಕ್ಷಮಿಸಿ."

ಅದಾದ ಮೇಲೆ ಕೇಳಲು ಏನೂ ಉಳಿಯಲಿಲ್ಲ. ಟೀಚರನ್ನು ಗಾಲಿಮಂಚದ ಮೇಲೆ ತಂದರು. ಮೂವತ್ತು ದಾಟಿರಬಹುದು, ಕುತ್ತಿಗೆಯ ಮುಂಭಾಗದಲ್ಲಿ ನಿಂಬೆಹಣ್ಣಿನಷ್ಟು ಗಂಟು. ಚಿಕ್ಕ ಮಕ್ಕಳಿಗೆ ಅಕ್ಷರ ಕಲಿಸುವವಳು. ದೀಪ ನೋಡಿ ಕಣ್ಣು ಕಿರಿದು ಮಾಡಿಕೊಂಡು, ತಲೆಯ ಕಡೆಯಿಂದ ಬಾಗಿದ ಅವಳ ಮುಖವನ್ನು ತಲೆಕೆಳಗಾಗಿ ನೋಡುತ್ತಾ ಮೆಲ್ಲಗೆ ಕೇಳಿದಳು: "ಮೇಡಂ, ನನ್ನ ಧ್ವನಿಗೇನೂ ಆಗಲ್ಲ ತಾನೆ? ನನಗೆ ಇರೋದು ಅದೊಂದೇ." ಟೀಚರ್ ಅವಳ ಅಂಗೈ ಹಿಡಿದುಕೊಂಡಳು. "ನೀವು ಇಲ್ಲೇ ಇರ್ತೀರಲ್ಲ?" ಎಲ್ಲರೂ ಕೇಳುವ ಪ್ರಶ್ನೆ. ಲಾರಿ ಡ್ರೈವರನೂ ಕೇಳಿದ್ದ, ಮಾತಿನ ಮಲ್ಲಿ ಮುದುಕಿಯೂ ಕೇಳಿದ್ದಳು. ಇಲ್ಲೇ ಇರ್ತೀನಿ, ನಿಮ್ಮ ತಲೆಯ ಹತ್ರಾನೇ ಇರ್ತೀನಿ ಎಂದು ಹೇಳಿ ಹೇಳಿ ಆ ಮಾತು ಅವಳ ಬಾಯಲ್ಲಿ ಮದ್ದಿನ ಮೊದಲ ಹನಿಯಾಗಿತ್ತು. ಗಂಡ ಆಗಲೇ ಕೈಗವಸು ತೊಟ್ಟು, ಎರಡೂ ಕೈಯನ್ನು ಎದೆಯ ಮಟ್ಟಕ್ಕೆ ಎತ್ತಿ ನಿಂತಿದ್ದ, ಕಾಯುತ್ತಾ. ಶಿಷ್ಯೆ ನೆಲ ನೋಡುತ್ತಿದ್ದಳು. ತಲೆಯ ಕಡೆ ಇದ್ದ ಅವಳ ಕೈಯಲ್ಲಿ ಬಿಳಿಯ ಮದ್ದು ತುಂಬಿದ ಸಿರಿಂಜು. ಸಿಸ್ಟರ್ ತನ್ನ ಭುಜದ ಪಕ್ಕಕ್ಕೆ ಬಂದು ನಿಂತದ್ದು ಇವತ್ತು ಅವಳ ಗಮನಕ್ಕೆ ಬಂತು.

ಸಿರಿಂಜನ್ನು ತಟ್ಟೆಗೆ ಇಟ್ಟಳು. ಲೋಹದ ಮೇಲೆ ಪ್ಲಾಸ್ಟಿಕ್ಕು ಉರುಳಿದ ಸಣ್ಣ ಸದ್ದು.

"ಇವತ್ತು ನನ್ನಿಂದ ಆಗಲ್ಲ," ಎಂದಳು. "ನನಗೆ ನನ್ನ ಮೇಲೆ ನಂಬಿಕೆ ಇಲ್ಲ. ನಾನು ಇನ್ನು ಮುಂದೆ ಮತ್ತು ಕೊಡಲ್ಲ."

ಹೇಳಿ ಮುಗಿಸಿದಾಗ ಎಷ್ಟು ಹಗುರವಾಯಿತೆಂದರೆ ಇಷ್ಟೇ ಇದ್ದದ್ದು ಅನಿಸಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಬರೆ ತಾನೇ ಎಳೆದುಕೊಂಡರಾಯಿತು. ತಾನು ನಿಂತರೆ ಎಲ್ಲವೂ ನಿಲ್ಲುತ್ತದೆ, ಅವನ ಮುಖ ಉಳಿಯುತ್ತದೆ, ಟೀಚರಿನ ಧ್ವನಿಯೂ ಉಳಿಯುತ್ತದೆ. ಗಂಡನ ಕಣ್ಣುಗಳು ಅವಳನ್ನು ನೋಡಿ ಒದ್ದೆಯಾದವು. "ತುಂಬ ಸರಿಯಾದ ನಿರ್ಧಾರ," ಎಂದ, ಎಲ್ಲರಿಗೂ ಕೇಳುವ ಹಾಗೆ, ಅಭಿಮಾನದಿಂದ. "ಇದಕ್ಕೆ ಧೈರ್ಯ ಬೇಕು. ನೀನು ಮೇಲೆ ಹೋಗಿ ಮಲಗು." ಆಮೇಲೆ ಶಿಷ್ಯೆಯ ಕಡೆ ತಿರುಗಿ, "ದೊಡ್ಡಾಸ್ಪತ್ರೆಯ ಆ ಹೊಸ ಅನಸ್ತೇಷಿಯಾ ಡಾಕ್ಟರಿಗೆ ಫೋನ್ ಮಾಡಮ್ಮ, ತಕ್ಷಣ ಬರ್ತಾನೆ. ನಾವು ಹೇಗೂ ರೆಡಿ ಇದೀವಿ. ಅವನು ಬಂದ ಕೂಡಲೇ ಶುರು ಮಾಡಿಬಿಡೋಣ," ಎಂದ.

ಅವಳು ಬಾಗಿಲವರೆಗೆ ನಡೆದಳು. ಕಾಲು ತಾನಾಗಿ ನಡೆಯಿತು, ಅವನು ಹೋಗು ಎಂದರೆ ಹೋಗಿ ಅಭ್ಯಾಸವಾದ ಕಾಲು. ಬಾಗಿಲಿಗೆ ಕೈಯಿಟ್ಟು ತಿರುಗಿ ನೋಡಿದಾಗ ತಲೆಯ ಕಡೆ ಯಾರೂ ಇರಲಿಲ್ಲ. ಖಾಲಿ ಸ್ಟೂಲು, ಅದರ ಮುಂದೆ ಟೀಚರಿನ ಬಿಚ್ಚಿದ ಕೂದಲು, ಆಚೆ ಎತ್ತಿ ಹಿಡಿದ ಎರಡು ಕೈ. ಇನ್ನು ಮೇಲೆ ಆ ಕೈ ನಿಂತರೆ ಬಿಪಿ ಇಳಿಯುತ್ತಿದೆ ಎನ್ನುವವರು ಯಾರು? ಬರುವವನಿಗೆ ಏನೂ ಗೊತ್ತಿಲ್ಲ. ಅವನು ಇರುವ ಅಂಕಿಯನ್ನು ಇದ್ದ ಹಾಗೆ ಓದುತ್ತಾನೆ. ತಾನು ತ್ಯಾಗ ಎಂದುಕೊಂಡು ಮಾಡಿದ್ದು ತನ್ನನ್ನು ಮಾತ್ರ ಅಲ್ಲಿಂದ ಎತ್ತಿಟ್ಟುಕೊಂಡದ್ದು. ಒಳ್ಳೆಯವಳಾಗಿ ಹೊರಟುಬಿಟ್ಟದ್ದು.

"ಅವರು ಬಂದ್ರೂ ನೀವು ಮಾಡಬಾರದು, ರೀ."

ಆ ಕೋಣೆಯಲ್ಲಿ ಅವಳ ಬಾಯಿಂದ ಆ ಶಬ್ದ ಯಾರೂ ಕೇಳಿರಲಿಲ್ಲ. ಅವನು ಅರ್ಥವಾಗದವನ ಹಾಗೆ ನೋಡಿದ. "ಏನಂದೆ?"

"ನಿನ್ನೆ ಬಿಪಿ ಇಳಿದಿರಲಿಲ್ಲ. ಯಾವತ್ತೂ ಇಳಿದಿರಲಿಲ್ಲ. ನಿಮ್ಮ ಕೈ ನಿಂತುಹೋಗುತ್ತೆ. ಎಲ್ಲಿದೀವಿ, ಏನು ಮಾಡ್ತಿದೀವಿ ಅಂತ ನಿಮಗೆ ಮರೆತುಹೋಗುತ್ತೆ. ಅದಕ್ಕೇ ನಾನು ಸುಳ್ಳು ಹೇಳ್ತಿದ್ದೆ." ಮಾತುಗಳು ಒಂದರ ಮೇಲೊಂದು ಬಂದವು, ತಡೆದರೆ ನಿಲ್ಲುವಂತಿರಲಿಲ್ಲ. "ಆ ಅಜ್ಜಿಯ ರಕ್ತ ತೆಳುವಾಗಿರಲಿಲ್ಲ. ನೀವು ಕಟ್ಟಿರಲಿಲ್ಲ."

"ಪೇಷಂಟ್ ಎದುರಿಗೆ ಏನಿದು," ಎಂದ ಅವನು. ಸಿಟ್ಟಿನ ದನಿಯೇ, ಆದರೆ ನಡುವೆಲ್ಲೋ ಟೊಳ್ಳಾಗಿತ್ತು. ಶಿಷ್ಯೆಯ ಕಡೆ ನೋಡಿದ. "ಏನಮ್ಮ ಇದು? ನೀನು ಹೇಳು." ಶಿಷ್ಯೆ ನೆಲ ನೋಡಿದಳು. "ಸಿಸ್ಟರ್?" ಸಿಸ್ಟರ್ ತಟ್ಟೆಯನ್ನು ಎದೆಗೆ ಅವುಚಿಕೊಂಡಳು, ಕತ್ತರಿಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎಂದವು. ಅವಳ ಕೈ ನಡುಗುತ್ತಿತ್ತು. ಅವನು ಆ ಸದ್ದನ್ನು ಕೇಳಿಸಿಕೊಂಡ. ಆಮೇಲೆ ತನ್ನ ಎರಡೂ ಕೈಯನ್ನು ದೀಪದ ಕೆಳಗೆ ಚಾಚಿದ, ಅಂಗೈ ಕೆಳಗೆ ಮಾಡಿ, ಬೆರಳು ಅಗಲಿಸಿ. "ನೋಡಿ," ಎಂದ. "ಎಲ್ಲಾ ನೋಡಿ. ನಡುಗ್ತಿದೆಯಾ?" ನಡುಗುತ್ತಿರಲಿಲ್ಲ. ಅಷ್ಟು ಸ್ಥಿರವಾದ ಕೈ ಆ ಕೋಣೆಯಲ್ಲಿ ಬೇರೆ ಯಾರದ್ದೂ ಇರಲಿಲ್ಲ. ಅವನು ಒಬ್ಬೊಬ್ಬರ ಮುಖಕ್ಕೂ ಆ ಕೈಯನ್ನು ಹಿಡಿದ, ಭಿಕ್ಷೆಗೆ ಚಾಚಿದ ಹಾಗೆ, ಮತ್ತು ಯಾರೂ ಏನೂ ಹಾಕಲಿಲ್ಲ.

ಮೇಜಿನ ಮೇಲಿಂದ ಟೀಚರ್ ತೀರ ಸಣ್ಣ ದನಿಯಲ್ಲಿ ಕೇಳಿದಳು: "ನಾನು ಎದ್ದು ಹೋಗಬಹುದಾ?"

ಶಿಷ್ಯೆ ಅವಳ ಭುಜ ಸವರಿ ಎಬ್ಬಿಸಿ ಕೂರಿಸಿದಳು. ಬೇಕಿದ್ದರೆ ತಾನು ಬೇರೊಂದು ದಿನ ಮಾಡುತ್ತೇನೆ, ಬೇಡವಾದರೆ ದೊಡ್ಡಾಸ್ಪತ್ರೆಗೆ ಬರೆದುಕೊಡುತ್ತೇನೆ, ಎರಡರಲ್ಲಿ ಯಾವುದಕ್ಕೂ ಬೇಜಾರಿಲ್ಲ ಎಂದು ಸಮಾಧಾನವಾಗಿ ಹೇಳುತ್ತಿದ್ದಳು. ಗಾಲಿಮಂಚ ಹೊರಟಿತು. ಅವನು ಅದಕ್ಕಿಂತ ಮೊದಲೇ ಹೊರಗೆ ಹೋಗಿದ್ದ. ಅವಳು ಗೋಡೆ ಹಿಡಿದುಕೊಂಡು ನಿಂತಿದ್ದಳು. ಇಬ್ಬರ ಜೀವಮಾನವನ್ನು ಎರಡು ವಾಕ್ಯದಲ್ಲಿ ಮುಗಿಸಿದ್ದಕ್ಕೆ ಅಳು ಬರಬೇಕಿತ್ತು, ಬರಲಿಲ್ಲ. ಅವನು ಇನ್ನು ತನ್ನ ಮುಖ ನೋಡುವುದಿಲ್ಲ. ನೋಡದಿದ್ದರೆ ಬೇಡ. ಒಂದೇ ಸೂರಿನಡಿ ಎರಡು ತಟ್ಟೆ, ಎರಡು ಮೌನ, ಅದನ್ನೂ ಬಾಳಿದರಾಯಿತು. ಬೈದರೂ ಸರಿ, ಹೊಡೆದರೂ ಸರಿ ಎಂದು ಮನಸ್ಸನ್ನು ಕಲ್ಲುಮಾಡಿಕೊಂಡು ಅವನನ್ನು ಹುಡುಕಿಕೊಂಡು ಹೊರಟಳು.

ಕೈ ತೊಳೆಯುವ ಜಾಗದಲ್ಲಿ ನಲ್ಲಿ ಸುರಿಯುತ್ತಿತ್ತು. ಅವನು ತೊಟ್ಟಿಯ ಮುಂದೆ ಬಾಗಿ, ಮೊಣಕೈವರೆಗೆ ಸೋಪು ಹಚ್ಚಿ, ಬ್ರಷ್ಷಿನಿಂದ ಉಗುರು ಉಗುರಾಗಿ ತಿಕ್ಕುತ್ತಿದ್ದ, ಆಪರೇಷನ್ನಿಗೆ ಮುಂಚೆ ತಿಕ್ಕುವ ಹಾಗೆ. ಕೈಗವಸುಗಳು ನೆಲದ ಮೇಲೆ ಬಿದ್ದಿದ್ದವು. ಅವಳ ಹೆಜ್ಜೆ ಕೇಳಿ ತಿರುಗಿ ನೋಡಿದ. ಮುಖದಲ್ಲಿ ಸಿಟ್ಟಿರಲಿಲ್ಲ, ದುಃಖವಿರಲಿಲ್ಲ. ಕೆಲಸಕ್ಕೆ ಹೊರಟವನ ಗೆಲುವಿತ್ತು.

"ಮಲಗಿಸಿದ್ಯಾ?" ಎಂದ. "ನಂದು ಆಯ್ತು, ಬಂದೆ."

ಮರೆತನೋ, ಮರೆತವನ ಹಾಗೆ ಮಾಡಿ ಆದದ್ದನ್ನು ಆಗಿಲ್ಲವೆನಿಸಲು ನೋಡುತ್ತಿದ್ದನೋ, ಅಷ್ಟು ವರ್ಷ ಒಂದೇ ದಿಂಬಿನ ಪಕ್ಕ ಮಲಗಿದವಳಿಗೂ ತಿಳಿಯಲಿಲ್ಲ. ಎರಡರಲ್ಲಿ ಯಾವುದೇ ಆಗಿದ್ದರೂ ಅವಳು ಮಾಡಬೇಕಾದದ್ದು ಒಂದೇ ಇತ್ತು. ಬೆಟ್ಟ ಹತ್ತಿ ಇಳಿದೆ ಎಂದುಕೊಂಡಿದ್ದವಳು ಬುಡದಲ್ಲೇ ನಿಂತಿದ್ದಳು. ನಾಳೆ ಬೆಳಿಗ್ಗೆಯೂ ಅವನು ಎದ್ದು ಕೈ ತೊಳೆಯಬಹುದು. ನಾಡಿದ್ದೂ. ಪ್ರತಿ ಸಲವೂ ಅವಳೇ ಹೇಳಬೇಕು, ಪ್ರತಿ ಸಲವೂ ಆ ಮುಖ ಮೊದಲ ಸಲದ ಹಾಗೆಯೇ ಒಡೆಯುವುದನ್ನು ನೋಡಬೇಕು.

ಮುಂದೆ ಹೋಗಿ ನಲ್ಲಿ ನಿಲ್ಲಿಸಿದಳು.

"ಇವತ್ತು ಆಪರೇಷನ್ ಇಲ್ಲ."

"ಯಾಕೆ? ಯಾರು ಬೇಡ ಅಂದ್ರು?"

"ನಾನು."

ಅವನು ನೊರೆ ಹತ್ತಿದ ಕೈಯನ್ನು ಗಾಳಿಯಲ್ಲಿ ಎತ್ತಿ ಹಿಡಿದೇ ನಿಂತಿದ್ದ, ಯಾರಾದರೂ ಒರೆಸಲಿ ಎಂದು ಕಾಯುವವನ ಹಾಗೆ. ಅವಳು ಟವಲು ತೆಗೆದುಕೊಂಡಳು. ಮೊದಲು ಹೆಬ್ಬೆರಳು, ಆಮೇಲೆ ತೋರುಬೆರಳು, ಬೆರಳ ಸಂದಿ, ಅಂಗೈ. ಬಿಸಿಯಾಗಿತ್ತು ಕೈ, ಸ್ವಲ್ಪವೂ ನಡುಗುತ್ತಿರಲಿಲ್ಲ. ಒರೆಸಿ ಮುಗಿದ ಮೇಲೂ ಬಿಡದೆ ಹಿಡಿದುಕೊಂಡು, ಅವನ ಕಣ್ಣಿಗೆ ಕಣ್ಣಿಟ್ಟು, ಅವಳು ಮತ್ತೆ ಮೊದಲಿನಿಂದ ಹೇಳತೊಡಗಿದಳು.